ಕೂಸಿನ ಬಾಯಿಯ ಬಿಳುಪು

೧೯೩೮ ಮಾರ್ಚ್ ೭, ಸೋಮವಾರ. ಬ್ಯಾಡಗಿ

ಕೂಸು ಕಾಲು ಮುಂದಾಗಿ ಬಂದಿತ್ತು. ಮೆಣಸಿನಕಾಯಿ ದಲಾಲ ಮಾಲತೇಶಪ್ಪನವರ ಮನೆಯ ಹೆಂಗಸರೆಲ್ಲ ಆಸೆ ಬಿಟ್ಟು ಪಡಸಾಲೆಯಲ್ಲಿ ಅಳುತ್ತ ಕುಳಿತಿದ್ದರು. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿಕೊಂಡೆ. ಮಧ್ಯಾಹ್ನದ ಊಟದ ಹೊತ್ತಿಗೆ ಗಂಡುಕೂಸನ್ನು ಅಜ್ಜಿಯ ಉಡಿಯಲ್ಲಿ ಹಾಕಿದೆ. ತಾಯಿಯೂ ಕ್ಷೇಮ.

ಮಾಲತೇಶಪ್ಪನವರು ಕೈಮುಗಿದು, "ಕಾಶೀಬಾಯಾರ, ನಿಮ್ಮದು ದೇವರ ಕೈರಿ" ಎಂದರು. ದೇವರ ಕೈಯಲ್ಲ, ಪುಣೆಯಲ್ಲಿ ಕಲಿತ ಕೈ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹನ್ನೆರಡಕ್ಕೇ ವಿಧವೆಯಾದವಳನ್ನು ಅಡಿಗೆಮನೆಗೆ ನೂಕದೆ ಓದಲು ಕಳಿಸಿದವನು ನಮ್ಮ ಅಣ್ಣಾಜಿ. ಅವನು ಬದುಕಿದ್ದರೆ ಇವತ್ತು ಕರೆದು ತೋರಿಸುತ್ತಿದ್ದೆ. ಈ ಊರಿನ ದವಾಖಾನೆಗೆ ಸೂಲಗಿತ್ತಿ ನರ್ಸಾಗಿ ಬಂದಾಗ ಜನ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಮಾತಾಡಿಸುತ್ತಿದ್ದರು. ಈಗ ನಾನು ಬಂದರೆ ಎದ್ದು ನಿಲ್ಲುತ್ತಾರೆ.

ಸುಗ್ಗಿಯ ಮೆಣಸಿನಕಾಯಿ ಊರೊಳಗೆ ಬರುತ್ತಿದೆ. ಗಾಳಿಯೆಲ್ಲ ಘಾಟು. ಅದರ ಧೂಳಿಗೋ ಏನೋ, ನಾಲ್ಕಾರು ದಿನದಿಂದ ಕೆಳಗೆ ತುರಿಕೆ. ಇದನ್ನು ಬರೆಯುವುದಕ್ಕೆ ಸಂಕೋಚವಿಲ್ಲ. ಇಲ್ಲಿ ಓದುವವಳು ನಾನೊಬ್ಬಳೇ.

ಮಾರ್ಚ್ ೧೨, ಶನಿವಾರ

ತುರಿಕೆ ನಿಂತಿಲ್ಲ. ಕಾರ್ಬಾಲಿಕ್ ಸಾಬೂನು ಹಚ್ಚಿ ಎರಡು ಹೊತ್ತು ತೊಳೆಯುತ್ತಿದ್ದೇನೆ.

ಇವತ್ತು ಭರಮವ್ವ ತನ್ನ ಸೊಸೆಯನ್ನು ಕರೆತಂದಿದ್ದಳು. ಊರ ಅಂಚಿನ ಒಕ್ಕಲುತನದ ಮನೆ ಅವರದು. ಸೊಸೆಯ ಹೆಸರು ಚೌಡವ್ವ, ತವರು ಹಲಗೇರಿ. ಮದುವೆಯಾಗಿ ವರ್ಷವಾಗಿದೆಯಷ್ಟೆ. ಹುಡುಗಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅತ್ತೆಯೇ ಹೇಳಿದಳು: "ಬಿಳುಪ ಹೋಗತೈತ್ರಿ ಇಕಿಗೆ. ಸದಾ ಕೆರಕೋತಾಳ. ಮಂದ್ಯಾಗ ಮರ್ಯಾದಿ ಹೊಂಟೈತಿ."

ಹೊರಗೆ ಸಾಲು ಬೆಳೆದಿತ್ತು. ಬಾಗಿಲೂ ತೆರೆದಿತ್ತು. ನಾನು ಎಲ್ಲರಿಗೂ ಕೇಳಿಸುವ ಹಾಗೆಯೇ ಹೇಳಿದೆ: "ಹೊಲಸು ಇದ್ದರ ಹಿಂಗs ಆಗತದ. ಮೈ ಸ್ವಚ್ಛ ಇಟ್ಟುಕೊಳ್ಳೋದು ಕಲಿ. ಈ ಸಾಬೂನು ಹಚ್ಚಿ ತಿಕ್ಕಿ ತೊಳಕೋ." ಹುಡುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೋದಳು. ಇಂಥವರಿಗೆ ನೇರವಾಗಿ ಹೇಳಬೇಕು. ಮುಲಾಜು ಮಾಡಿದರೆ ಕಲಿಯುವುದಿಲ್ಲ. ನೇರ ಮಾತಿಗೆ ನಾನು ಹೆಸರಾದವಳು.

ಮಾರ್ಚ್ ೨೦, ರವಿವಾರ

ಹೆಚ್ಚಾಗಿದೆ. ಒಡೆದ ಮೊಸರಿನ ಹಾಗೆ ಬೆಳ್ಳಗೆ ಹೋಗುತ್ತಿದೆ. ಪಟಿಕದ ನೀರು ಆಯಿತು, ಪೊಟ್ಯಾಶಿನ ನೀರು ಆಯಿತು. ತೊಳೆದಾಗ ಒಂದು ಗಳಿಗೆ ತಂಪು, ಆಮೇಲೆ ಬೆಂಕಿ.

ದವಾಖಾನೆಯ ಆಯಾ ಮಕ್ತುಮಬಿ ಹತ್ತು ವರ್ಷದಿಂದ ನನ್ನ ಜೊತೆ ಇದ್ದಾಳೆ. "ಬಾಯಾರ, ಕುಂತಲ್ಲೇ ಕುಂದರವಲ್ರಿ. ಏನಾಗೇತ್ರಿ?" ಎಂದಳು.

"ಉಷ್ಣದ ಗುಳ್ಳಿ" ಎಂದೆ.

"ಎಳನೀರ ಕುಡೀರಿ" ಎಂದು ತನ್ನ ಕೆಲಸಕ್ಕೆ ಹೋದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಮಾರ್ಚ್ ೨೭, ರವಿವಾರ

ಡಾಕ್ಟರ್ ಗಂಗಾಧರರಾಯರಿಗೆ ಹೇಳಬಹುದಿತ್ತು. ಒಂದೇ ದವಾಖಾನೆ, ಒಂದೇ ಔಷಧದ ಕಪಾಟು. ಒಳ್ಳೆಯ ಮನುಷ್ಯರು ಕೂಡ. ಆದರೆ ಗಂಡಸು. ಹೇಳಿದ ಮೇಲೆ ಅವರು ಏನೂ ಅನ್ನುವುದಿಲ್ಲ, ಆದರೆ ಒಂದು ಕ್ಷಣ ನನ್ನ ಮುಖ ನೋಡುತ್ತಾರೆ. ಗಂಡನಿಲ್ಲದವಳಿಗೆ ಇದು ಎಲ್ಲಿಂದ ಬಂತು ಎಂಬ ಆ ಒಂದು ಕ್ಷಣವನ್ನು ನಾನು ಸಹಿಸಲಾರೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನನ್ನ ಹೆಸರಿನ ಮೇಲೆ ಒಂದು ನೊಣ ಕೂರಲು ಬಿಟ್ಟವಳಲ್ಲ.

ತಾನಾಗಿಯೇ ಹೋಗುತ್ತದೆ.

ಏಪ್ರಿಲ್ ೯, ಶನಿವಾರ. ರಾಣೆಬೆನ್ನೂರು

ಶಿಶು ಸಪ್ತಾಹದಲ್ಲಿ ನನ್ನ ಭಾಷಣ. ವಿಷಯವನ್ನು ಅವರೇ ಕೊಟ್ಟಿದ್ದರು: ಸ್ತ್ರೀಯರೂ ಶುಚಿತ್ವವೂ. ಶಾಲೆಯ ಅಂಗಳದ ತುಂಬ ಹೆಂಗಸರು. ಜಮಖಾನೆ ಸಾಲದೆ ನೆಲದ ಮೇಲೆಯೂ ಕುಳಿತಿದ್ದರು. ಕಾಗದ ನೋಡದೆ ಮಾತಾಡಿದೆ. ಎಲ್ಲಿಯೂ ತಡವರಿಸಲಿಲ್ಲ. ಆಮೇಲೆ ಬೇರೆಯವರ ಭಾಷಣ ಮುಗಿಯುವವರೆಗೆ ವೇದಿಕೆಯ ಕುರ್ಚಿಯಲ್ಲಿ ಅಲುಗಾಡದೆ ಕುಳಿತೆನಲ್ಲ, ಅದು ಭಾಷಣಕ್ಕಿಂತ ದೊಡ್ಡ ಸಾಧನೆ. ಅದಕ್ಕೆ ಚಪ್ಪಾಳೆ ಹೊಡೆಯುವವರು ಯಾರೂ ಇರಲಿಲ್ಲ.

ನನ್ನ ಪಕ್ಕದ ಕುರ್ಚಿಯಲ್ಲಿ ಹಾವೇರಿಗೆ ಹೊಸದಾಗಿ ಬಂದಿರುವ ಲೇಡಿ ಡಾಕ್ಟರ್ ಸುಲಭಾ ಇದ್ದರು. ಹುಡುಗಿಯಂತೆ ಕಾಣುತ್ತಾರೆ, ನನಗಿಂತ ಎಂಟು ಹತ್ತು ವರ್ಷ ಚಿಕ್ಕವರು. ಫಳಾರದ ಹೊತ್ತಿನಲ್ಲಿ ಮೆಲ್ಲನೆ ಮಾತು ತೆಗೆದೆ.

"ನಮ್ಮ ಕಡೆ ಒಬ್ಬ ಪೇಶಂಟ್ ಇದ್ದಾಳ. ತುರಿಕಿ, ಬಿಳುಪು. ಏನು ತೊಳದರೂ ಹೋಗವಲ್ದು."

"ಹಾವೇರಿಗೆ ಕರಕೊಂಡು ಬರ್ರಿ. ನೋಡದs ಹೆಂಗ ಹೇಳಲಿ?"

"ಆಕೀ ಬರೂದು ಕಷ್ಟ ಅದ. ಮರ್ಯಾದಸ್ತ ಹೆಣಮಗಳು."

ಸುಲಭಾ ಅವರು ಚಹದ ಕಪ್ಪನ್ನು ಕೆಳಗಿಟ್ಟು, ನನ್ನನ್ನು ನೋಡದೆ, ಅಂಗಳದ ಕಡೆ ನೋಡುತ್ತ ಹೇಳಿದರು: "ಹಂಗಾದರ ನೀವೊಬ್ಬರೇ ಬರ್ರಿ ಬಾಯಿ. ಸೋಮವಾರ ಮಂದಿ ಕಡಿಮಿ ಇರತಾರ."

ನಾನು ಫಳಾರದ ತಟ್ಟೆ ಎತ್ತಿಕೊಂಡೆ. ಚಿಕ್ಕ ವಯಸ್ಸಿನವರಿಗೆ ಇಷ್ಟು ಚೂಪು ಇರಬಾರದು.

ಏಪ್ರಿಲ್ ೧೨, ಮಂಗಳವಾರ

ಹೋಗುವುದಿಲ್ಲ.

ಏಪ್ರಿಲ್ ೧೮, ಸೋಮವಾರ

ಬೆಳಗಿನ ಗಾಡಿಗೆ ಹಾವೇರಿಗೆ ಹೋಗಿಬಂದೆ. ಔಷಧದ ಸಾಮಾನು ತರಲು ಎಂದು ರಾಯರಿಗೆ ಹೇಳಿದ್ದೆ.

ಎಷ್ಟೋ ಹೆಂಗಸರಿಗೆ "ಕಾಲು ಮಡಚು, ಹೆದರಬ್ಯಾಡ" ಎಂದು ಹೇಳಿದವಳು ನಾನು. ಇವತ್ತು ಅದೇ ಮಾತನ್ನು ಮಲಗಿಕೊಂಡು ಕೇಳಿದೆ. ಅಲ್ಲಿಂದ ನೋಡಿದರೆ ಜಂತಿ ಬಹಳ ಎತ್ತರ ಕಾಣುತ್ತದೆ. ಬಾಗಿಲಿಗೆ ಅಗುಳಿ ಹಾಕಿದ್ದಾರೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ. ಸುಲಭಾ ಅವರು ಅಗುಳಿ ಹಾಕಿದ್ದಲ್ಲದೆ ಅದನ್ನು ನನಗೆ ತೋರಿಸಿ ಹಾಕಿದರು.

ಸಕ್ಕರೆ ಕಾಯಿಲೆ ಇದ್ದರೂ ಇದು ಬರುತ್ತದೆಂದು ಮೂತ್ರವನ್ನು ನೀಲಿ ದ್ರಾವಣದಲ್ಲಿ ಕಾಯಿಸಿ ನೋಡಿದರು. ನೀಲಿ ನೀಲಿಯಾಗಿಯೇ ಉಳಿಯಿತು. ಸಕ್ಕರೆ ಇಲ್ಲ. ಆಮೇಲೆ ಗಾಜಿನ ತುಂಡಿನ ಮೇಲೆ ಬಿಳುಪನ್ನು ಸವರಿ ಸೂಕ್ಷ್ಮದರ್ಶಕದಲ್ಲಿ ಇಟ್ಟರು. "ಬರ್ರಿ, ನೀವೂ ನೋಡ್ರಿ" ಎಂದರು. ಸಣ್ಣ ಸಣ್ಣ ಎಳೆಗಳು, ಎಳೆಗಳ ಮಗ್ಗುಲಲ್ಲಿ ಮೊಗ್ಗಿನಂಥ ಕಾಳುಗಳು.

"ಏನಿದು?"

"ಒಂದು ಥರದ ಬೂಷ್ಟು. ಕೂಸುಗಳ ಬಾಯಾಗ ಬೆಳ್ಳಗ ಕೆನಿ ಕಟ್ಟಿದಂಗ ಬರತದಲ್ಲ, ಅದೇ ಇದು."

"ಕೂಸಿನ ಬಾಯಿಯದ್ದಾ?"

"ಅದೇ ಜಾತಿ. ಎಲ್ಲಾರ ಮೈಯಾಗ ಇರತದ. ಒಮ್ಮೊಮ್ಮೆ ಸೊಕ್ಕಿ ಬೆಳೀತದ. ಬೆವರು, ಬಿಗಿ ಬಟ್ಟಿ, ಬಸಿರು, ಸಕ್ಕರಿ, ಇಂಥಾದ್ದಕ್ಕ. ಕೆಲವರಿಗೆ ಯಾಕಂತ ಗೊತ್ತs ಆಗೂದಿಲ್ಲ."

ನಾನು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಕೇಳಿಬಿಟ್ಟೆ. "ನಾನು ವಿಧವಿ. ಹಂಗಿದ್ರೂ?"

"ಹಂಗಿದ್ರೂ ಬರತದ" ಎಂದು ಅವರು ಕೈ ತೊಳೆಯಲು ಹೋದರು. ಮುಖ ನೋಡಲಿಲ್ಲ. ನಾನು ಅಷ್ಟು ಹೆದರಿದ್ದ ಆ ಒಂದು ಕ್ಷಣ ಬರಲೇ ಇಲ್ಲ.

ಆಮೇಲೆ ದಿನಕ್ಕೆ ಎಷ್ಟು ಸಲ ತೊಳೆಯುತ್ತೀರಿ, ಯಾತರಿಂದ ಎಂದು ಕೇಳಿದರು. ಹೇಳಿದೆ. ಅವರು ನಕ್ಕರು. "ಅದಕ್ಕs ಸುಡಾಕತ್ತದ. ಮೈ ಅಂದ್ರ ನೆಲ ಅಲ್ಲ ಬಾಯಿ, ಕಾರ್ಬಾಲಿಕ್ ಹಾಕಿ ಒರಸಾಕ. ಒಳಗ ಏನೂ ಹಾಕಬ್ಯಾಡ್ರಿ. ಹೊರಗ ಬರೇ ನೀರು. ಒಣಾ ಇಡ್ರಿ, ಸಡಲ ಅರಿವಿ ಉಡ್ರಿ."

ಅರ್ಧ ಜಿಲ್ಲೆಗೆ ಶುಚಿತ್ವದ ಪಾಠ ಹೇಳಿದವಳಿಗೆ ತೊಳೆಯುವುದು ಹೆಚ್ಚಾಯಿತು ಎಂದರೆ ಹೇಗಾಗಬೇಡ. ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಶಾಸ್ತ್ರಕ್ಕೆ ಸರಿಯಾಗಿದೆ, ಮತ್ತು ಶಾಸ್ತ್ರಕ್ಕೆ ತಲೆಬಾಗುವುದು ಸೋಲಲ್ಲ. ಜೆನ್ಶನ್ ವಾಯೊಲೆಟ್ ನೇರಳೆ ಔಷಧ ಹಚ್ಚಿದರು, ಶೀಶೆಯನ್ನೂ ಕೊಟ್ಟರು. ಕೂಸುಗಳ ಬಾಯಿಗೆ ನಾನೇ ಎಷ್ಟು ಸಲ ಹಚ್ಚಿದ ಔಷಧ!

ಏಪ್ರಿಲ್ ೨೬, ಮಂಗಳವಾರ

ನಿದ್ದೆ ಬಂತು. ತುರಿಕೆ ಮುಕ್ಕಾಲು ಇಳಿದಿದೆ.

ಬಿಳಿ ಸೀರೆಗಳೆಲ್ಲ ನೇರಳೆ ಕಲೆ. ಹಿತ್ತಲಲ್ಲಿ ಒಣಹಾಕಿದ್ದನ್ನು ಮಕ್ತುಮಬಿ ನೋಡಿದಳು. "ನೇರಳೆ ಹಣ್ಣಿನ ಮ್ಯಾಲ ಕುಂತಿದ್ರೇನ್ರಿ?" ಎಂದಳು. ಇದ್ದದ್ದನ್ನು ಹೇಳಿದೆ. ಹೇಗೋ ಬಾಯಿಗೆ ಬಂದುಬಿಟ್ಟಿತು. ಅವಳು ಸೀರೆಯ ಅಂಚನ್ನು ಸರಿಯಾಗಿ ಹರವುತ್ತ, "ನನಗೂ ಸಲೀಮ ಹೊಟ್ಟ್ಯಾಗ ಇದ್ದಾಗ ಆಗಿತ್ರಿ. ಹೆರಿಗಿ ಆದಮ್ಯಾಲೆ ಹೋತು" ಎಂದಳು. ಇಷ್ಟು ವರ್ಷ ಜೊತೆಗಿದ್ದೂ ಹೇಳಿರಲಿಲ್ಲವಲ್ಲ ಎಂದೆ.

"ನೀವು ಬೈತೀರಂತ" ಎಂದಳು.

ಈ ಮಕ್ತುಮಬಿಗೆ ಚೇಷ್ಟೆ ಜಾಸ್ತಿ.

ಮೇ ೩, ಮಂಗಳವಾರ

ಪೂರ್ತಿ ಗುಣವಾಯಿತು ಎಂದು ಬರೆಯಲು ಕುಳಿತಿದ್ದೆ. ಅಷ್ಟರಲ್ಲಿ ಮಕ್ತುಮಬಿ ಸುದ್ದಿ ತಂದಳು. ಭರಮವ್ವ ಸೊಸೆಯನ್ನು ಹಲಗೇರಿಗೆ ಅಟ್ಟಿ ತಿಂಗಳಾಯಿತಂತೆ. ಹುಡುಗಿಗೆ ಕೆಟ್ಟ ರೋಗವಿದೆ, ನಡತೆ ನೆಟ್ಟಗಿಲ್ಲ ಎಂದು ಓಣಿಯೆಲ್ಲ ಹೇಳುತ್ತಿದ್ದಾಳೆ. ಮಗ ಮೈಲಪ್ಪನಿಗೆ ಬೇರೆ ಹೆಣ್ಣು ನೋಡುತ್ತಿದ್ದಾಳೆ. ಯಾರಾದರೂ ಕೇಳಿದರೆ, "ದವಾಖಾನಿ ನರ್ಸಬಾಯಾರs ಹೇಳ್ಯಾರ, ಹೊಲಸ ಐತಿ ಅಂತ" ಎನ್ನುತ್ತಾಳಂತೆ.

ನನ್ನ ಹೆಸರು! ನನ್ನ ಮಾತನ್ನು ಹೀಗೆ ತಿರುಚಿ ಒಂದು ಹುಡುಗಿಯ ಬಾಳಿನ ಮೇಲೆ ಹಾಕುವುದೇ? ಸುಮ್ಮನಿರುವವಳಲ್ಲ ನಾನು.

ಮೇ ೬, ಶುಕ್ರವಾರ

ರಾಣೆಬೆನ್ನೂರಿಗೆ ಗಾಡಿಯಲ್ಲಿ, ಅಲ್ಲಿಂದ ಹಲಗೇರಿಗೆ ಸರ್ವಿಸ್ ಮೋಟಾರಿನಲ್ಲಿ. ಚೌಡವ್ವನ ತಂದೆ ಗುಡದಪ್ಪ ನನ್ನನ್ನು ಕಂಡು ಕಟ್ಟೆಯಿಂದ ಏಳಲಿಲ್ಲ. "ಇನ್ನೇನ ಹೇಳೂದು ಉಳದೈತ್ರಿ?" ಎಂದ. ನಾನು ನೇರ ಒಳಗೆ ಹೋದೆ.

ಹುಡುಗಿ ಕಣಜದ ಹಿಂದೆ ಕುಳಿತಿದ್ದಳು. ಸೊರಗಿ ಅರ್ಧ ಆಗಿದ್ದಾಳೆ. "ಮತ್ತ ಬೈಯಾಕ ಬಂದೀರೇನ್ರಿ?" ಎಂದಳು.

ನಾನು ಯಾವಾಗ ಬೈದಿದ್ದೆ? ನೋವಿನಲ್ಲಿ ನೆನಪು ಕಲಸಿಹೋಗಿರಬೇಕು. "ಇಲ್ಲವ್ವ, ನೋಡಾಕ ಬಂದೇನಿ" ಎಂದು ಅವಳ ಪಕ್ಕದಲ್ಲೇ ನೆಲಕ್ಕೆ ಕುಳಿತೆ. ಅವಳು ಮಾತಾಡುವವರೆಗೆ ಕುಳಿತೇ ಇದ್ದೆ. ಬಾಗಿಲು ಹಾಕಿ, ಅಗುಳಿಯನ್ನು ಅವಳಿಗೇ ಹಾಕಲು ಹೇಳಿದೆ.

ಸಾಬೂನಿನಿಂದ ತಿಕ್ಕಿ ತಿಕ್ಕಿ ಚರ್ಮ ಸುಲಿದಿತ್ತು. ದಿನಕ್ಕೆ ಮೂರು ಸಲ ತೊಳೆಯುತ್ತಿದ್ದಳಂತೆ, ಕಣ್ಣೀರು ಬರುವವರೆಗೆ. "ನೀವು ಹೇಳಿದ್ದಕ್ಕಿಂತಾ ಹೆಚ್ಚs ಮಾಡೇನ್ರಿ, ಆದ್ರೂ ಹೋಗಲಿಲ್ರಿ" ಎಂದಳು. ನನಗೆ ಸ್ವಲ್ಪ ಹೊತ್ತು ಕೈ ಆಡಲಿಲ್ಲ. ಬಿಸಿಲಿನಲ್ಲಿ ನಡೆದು ದಣಿದಿದ್ದೆ.

ನೇರಳೆ ಔಷಧ ಹಚ್ಚಿದೆ. ಹೇಗೆ ಹಚ್ಚಿಕೊಳ್ಳಬೇಕೆಂದು ಅವಳ ತಾಯಿಗೂ ತೋರಿಸಿದೆ. "ಇದು ಹೊಲಸಲ್ಲ, ಪಾಪ ಅಲ್ಲ. ಕೂಸಿನ ಬಾಯಾಗ ಬರೂ ಬಿಳುಪು" ಎಂದೆ. ಚೌಡವ್ವ ಮೊದಲ ಸಲ ನನ್ನ ಮುಖ ನೋಡಿದಳು. ಕಣ್ಣು ಚೆಲುವಾಗಿವೆ. ಅವತ್ತು ದವಾಖಾನೆಯಲ್ಲಿ ಕಂಡಿರಲಿಲ್ಲ.

ಮೇ ೮, ರವಿವಾರ

ಇವತ್ತಿನದನ್ನು ಪೂರ್ತಿ ಬರೆದಿಡಬೇಕು.

ಭರಮವ್ವನ ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಕೂಡಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಆಕೆಯನ್ನು ಒಳಗೆ ಕರೆದು ಮಾತಾಡಬೇಕೆಂದೇ ಹೋಗಿದ್ದೆ. ಆಕೆ ಏಳಲಿಲ್ಲ. "ಇಲ್ಲೇ ಹೇಳ್ರಿ. ನಮ್ಮ ಮಂದೀನ ಎಲ್ಲಾರು" ಎಂದಳು. ಮೈಲಪ್ಪ ಎತ್ತಿನ ಹತ್ತಿರ ನಿಂತಿದ್ದ.

"ಚೌಡವ್ವಗ ಕೆಟ್ಟ ರೋಗ ಇಲ್ಲ. ನಾನು ನೋಡಿ ಬಂದೇನಿ. ಆಕೀನ ಕರಕೊಂಡು ಬಾ" ಎಂದೆ.

"ಹೊಲಸ ಅಂತ ನೀವs ಅಂದಿದ್ರಿ."

"ನಡತಿಗೆ ಅಂದಿರಲಿಲ್ಲ."

"ನಡತಿ ಚೊಲೋ ಇದ್ದಾಕಿಗೆ ಇಂಥಾದ್ದ್ಯಾಕ ಬರತೈತ್ರಿ?" ಭರಮವ್ವ ತೊಟ್ಟು ಮುರಿಯುತ್ತಲೇ ಕೇಳಿದಳು. ಸುತ್ತಲಿನವರು ತಲೆ ತಗ್ಗಿಸಿ ಕಿವಿಯಾಗಿದ್ದರು.

ಶಾಸ್ತ್ರ ಹೇಳಬಹುದಿತ್ತು. ಸೂಕ್ಷ್ಮದರ್ಶಕ, ಬೂಷ್ಟು, ಎಳೆ. ಯಾರಿಗೆ ಬೇಕಾಗಿತ್ತು ಅದು? ಆ ಅಂಗಳದಲ್ಲಿ ಎಲ್ಲರೂ ಒಪ್ಪುವ ಸಾಕ್ಷಿ ಒಂದೇ ಇತ್ತು. ಅದನ್ನು ನಾನು ಇಷ್ಟು ವರ್ಷ ಬೆಳ್ಳಗೆ ಒಗೆದು ಮಡಿಚಿಟ್ಟಿದ್ದೆ.

"ನನ್ನ ನಡತಿ ಹೆಂಗದ ಭರಮವ್ವ?"

"ನಿಮ್ಮದೇನ ಕೇಳತೀರಿ. ನಿಮ್ಮ ಹೆಸರಿಗೆ ಒಂದ ಮಾತ ಅಂದವರ ಈ ಊರಾಗ ಇಲ್ಲ."

"ನನಗೂ ಇದೇ ಆಗಿತ್ತು. ಆಕೀಗೆ ಆದದ್ದೇ. ಅದೇ ತುರಿಕಿ, ಅದೇ ಬಿಳುಪು. ಹಾವೇರಿ ಡಾಕ್ಟರಬಾಯಿಗೆ ತೋರಿಸಿ ಗುಣಾ ಮಾಡಿಕೊಂಡೇನಿ. ನನ್ನ ಗಂಡ ಸತ್ತಾಗ ನನಗೆ ಹನ್ನೆರಡು ವರ್ಷ. ಈಗ ಹೇಳು, ನಾ ಎಲ್ಲಿ ಹೋಗಿ ತಂದೆ?"

ಕೈಗಳೆಲ್ಲ ನಿಂತವು. ಯಾರೋ ಒಬ್ಬಳು ಸೀನಿದಳು, ಅದೊಂದೇ ಸದ್ದು.

"ಎರಡು ವರ್ಷದ ಹಿಂದ ನಿನ್ನ ಮಗಳ ಕೂಸಿನ ಬಾಯಿ ಬೆಳ್ಳಗಾಗಿತ್ತು. ನಾನs ಬಂದು ನೇರಳೆ ಔಷಧ ಹಚ್ಚಿದ್ದೆ. ಅದೂ ಇದೇ. ಆ ಕೂಸಿನ ನಡತಿ ಏನು ಕೆಟ್ಟಿತ್ತು?"

ಭರಮವ್ವ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಕೆಳಗಿಟ್ಟಳು. ಮೈಲಪ್ಪ ಎತ್ತಿನ ಹಗ್ಗ ಬಿಚ್ಚಿದ. "ಅವ್ವಾ, ನಾ ಹಲಗೇರಿಗೆ ಹೋಗಿ ಬರತೇನಿ" ಎಂದ. ಉತ್ತರಕ್ಕೆ ಕಾಯಲಿಲ್ಲ. ಬೇಗ ಬೇಗ ಬಂಡಿ ಹೂಡಿದ.

ಮನೆಗೆ ಬರುವಾಗ ದೊಡ್ಡ ಬೀದಿಯ ನಡುವಿನಿಂದಲೇ ನಡೆದು ಬಂದೆ.

ಮೇ ೧೬, ಸೋಮವಾರ

ಚೌಡವ್ವ ಬಂದಿದ್ದಾಳೆ. ಗುಣವಾಗುತ್ತಿದೆ.

ಮಾಲತೇಶಪ್ಪನವರ ಮನೆಯಿಂದ ಇನ್ನು ಬಾಣಂತಿಯನ್ನು ನೋಡಲು ಬರುವುದು ಬೇಡವೆಂದು ಹೇಳಿಕಳಿಸಿದರು. ಬೇರೆ ಕಾರಣ ಹೇಳಿದರು. ಕಾರಣ ನನಗೆ ಗೊತ್ತು. ಆ ಕೂಸನ್ನು ಒಮ್ಮೆ ನೋಡಬೇಕಿತ್ತು.

ರಾಯರು ಮೇಜಿನ ಮೇಲಿನ ಶೀಶೆಗಳನ್ನು ಅತ್ತಿತ್ತ ಸರಿಸುತ್ತ, "ಬಾಯಿ, ಊರಾಗ ಮಾತು ಹಬ್ಬ್ಯದ" ಎಂದರು.

"ಖರೇ ಮಾತು ಹಬ್ಬಿದರ ಹಬ್ಬಲಿ ಬಿಡ್ರಿ. ನನ್ನ ಖೋಲಿಗೆ ಒಂದು ಪಡದೆ ಬೇಕು, ಬಾಗಲಿಗೆ ಒಳಗಿನಿಂದ ಅಗುಳಿ."

"ಹತ್ತು ವರ್ಷ ಇಲ್ಲದ್ದು ಈಗ್ಯಾಕ?"

"ಹತ್ತು ವರ್ಷದಿಂದ ಬೇಕಾಗಿತ್ತು" ಎಂದೆ. ಬಡಿಗನನ್ನು ಕರೆಸಿದರು.

ಮೇ ೨೪, ಮಂಗಳವಾರ

ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಭರಮವ್ವ. ಚೌಡವ್ವನ ಸಲುವಾಗಿ ಬಂದಿದ್ದಾಳೆಂದುಕೊಂಡೆ. ಬಹಳ ಹೊತ್ತು ಮಳೆ, ಬೀಜ, ಎತ್ತು ಎಂದು ಮಾತಾಡಿದಳು. ನಾನು ಅವಸರ ಮಾಡಲಿಲ್ಲ. ಕೊನೆಗೆ ನೆಲ ನೋಡುತ್ತ, "ನನಗೂ ಐತ್ರಿ. ಮೈಲಪ್ಪ ಸಣ್ಣಾಂವ ಇದ್ದಾಗಿಂದ. ಬರತೈತಿ, ಹೋಗತೈತಿ. ಈಗೀಗ ಕೆಂಪನೂ ಕಾಣತೈತಿ. ಸಾಯೂತನಕ ಯಾರ ಮುಂದೂ ಹೇಳಬಾರದಂತ ಇದ್ದೆ" ಎಂದಳು.

ಸೊಸೆಯನ್ನು ಅಷ್ಟು ಗಟ್ಟಿಯಾಗಿ ಬೈದದ್ದು ಯಾಕೆಂದು ನನಗೆ ಈಗ ತಿಳಿಯಿತು. ಕೇಳಲಿಲ್ಲ. ಈ ವಯಸ್ಸಿನಲ್ಲಿ ಕೆಂಪು ಕಾಣುವುದಕ್ಕೆ ನೇರಳೆ ಔಷಧ ಹಚ್ಚಿ ಸುಮ್ಮನಿರಬಾರದು. ಸುಲಭಾ ಅವರೇ ನೋಡಬೇಕು. ನಾಳೆಯ ಗಾಡಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.

"ನೋಯಿಸತಾರೇನ್ರಿ?"

"ಇಲ್ಲ. ಜಂತಿ ನೋಡಿಕೋತ ಮಲಗು. ನಾ ಬಾಜೂಕ ಇರತೇನಿ."

ಮೇ ೨೫, ಬುಧವಾರ

ಒಳಗೆ ಒಂದು ಸಣ್ಣ ಗಂಟು ಇತ್ತಂತೆ, ಅಲ್ಲೇ ತೆಗೆದರು. ಹೆದರುವಂಥದ್ದಲ್ಲ. ಸುಲಭಾ ಅವರು ನನ್ನನ್ನು ಹೊರಗೆ ಕರೆದು, "ಇನ್ನೊಂದು ವರ್ಷ ಬಿಟ್ಟಿದ್ದರ ರಕ್ತಾ ಹೋಗಿ ಹೋಗಿ ಹಾಸಿಗಿ ಹಿಡೀತಿದ್ದಳು. ಹೆಂಗ ಕರಕೊಂಡು ಬಂದ್ರಿ ಇಂಥಾಕೀನ್ನ?" ಎಂದರು. ತಾನಾಗಿಯೇ ಬಂದಳು ಎಂದೆ.

ಬರುವಾಗ ಗಾಡಿಯಲ್ಲಿ ಭರಮವ್ವ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡಿದಳು. ಬ್ಯಾಡಗಿ ಬಂದರೂ ಏಳಿಸಲು ಮನಸ್ಸಾಗಲಿಲ್ಲ. ಗಾರ್ಡ್ ಸೀಟಿ ಊದಿದ ಮೇಲೆ ಅವಸರವಸರವಾಗಿ ಇಳಿದೆವು.

ಜೂನ್ ೧೩, ಸೋಮವಾರ

ಮಳೆ ಹಿಡಿದಿದೆ. ಆದರೂ ದವಾಖಾನೆಯ ಹೊರಗೆ ಹೆಂಗಸರು ಛತ್ರಿ ಹಿಡಿದು, ಗೋಣಿಚೀಲದ ಕೊಪ್ಪೆ ಹೊದ್ದು ಕಾಯುತ್ತಾರೆ. ಮೋಟೇಬೆನ್ನೂರಿನಿಂದ, ಕಾಗಿನೆಲೆಯಿಂದ ಕೂಡ ಬರುತ್ತಿದ್ದಾರೆ. ಬಿಳುಪಿನವರು, ತಿಂಗಳ ನೋವಿನವರು, ಮಕ್ಕಳಾಗದವರು. ಇಷ್ಟು ಜನ ಮೊದಲು ಎಲ್ಲಿದ್ದರು ಎಂದು ರಾಯರು ಕೇಳಿದರು. ಇತ್ತೀಚೆಗೆ ಹೆಂಗಸರಿಗೆ ತಿಳಿವಳಿಕೆ ಬಂದಿದೆ, ಅಷ್ಟೇ.

ಸುತ್ತಿನ ಹಳ್ಳಿಗಳ ಹಳೆಯ ಸೂಲಗಿತ್ತಿಯರಿಗೆ ಕಲಿಸುವ ಕೆಲಸವನ್ನೂ ನನಗೇ ಕೊಟ್ಟಿದ್ದಾರೆ. ಅವರಲ್ಲಿ ಬಸವಣ್ಣೆವ್ವ ಎಂಬವಳು, ನನಗಿಂತ ಹಿರಿಯಳು, ಇವತ್ತು ಪಡದೆಯ ಆಚೆ ನಿಂತು ನೋಡುತ್ತಿದ್ದಳು. ಮುಸುಕು ಹಾಕಿಕೊಂಡು ಬಂದ ಒಬ್ಬ ಹೆಣ್ಣುಮಗಳಿಗೆ ಕುಳಿತುಕೊಳ್ಳಲು ಹೇಳಿ, ನೀರು ಕೊಟ್ಟು, ಅವಳು ತಾನಾಗಿ ಬಾಯಿಬಿಡುವವರೆಗೆ ಹತ್ತಿ ಸುತ್ತುತ್ತ ಕುಳಿತಿದ್ದೆ. ಅವಳು ಹೋದ ಮೇಲೆ ಬಸವಣ್ಣೆವ್ವ ಕೇಳಿದಳು: "ಒಂದ ಮಾತೂ ಬೈಯಲಿಲ್ಲಲ್ರಿ ಬಾಯಾರ. ಇದನ್ನ ಪುಣೇದಾಗ ಕಲಿಸ್ತಾರೇನ್ರಿ?"

"ಇಲ್ಲ" ಎಂದೆ. "ನಾ ಮೊದಲಿಂದಲೂ ಹಿಂಗs."

ಮಕ್ತುಮಬಿಗೆ ಅದೇ ಹೊತ್ತಿಗೆ ಕೆಮ್ಮು ಬಂದು, ಕೆಮ್ಮುತ್ತ ಕೆಮ್ಮುತ್ತ ಹೊರಗೆ ಹೋದಳು. ಮಳೆಗಾಲ ಅವಳಿಗೆ ಆಗಿಬರುವುದಿಲ್ಲ. ನಾಳೆ ಒಂದು ಕಷಾಯ ಮಾಡಿಕೊಡಬೇಕು.